ಎರ್ನಿ ಡೇವಿಸ್ ಯಾರು? ಸಿರಾಕ್ಯೂಸ್‌ನಲ್ಲಿ ಎಲ್ಲಿ ನೋಡಿದರೂ 44 ಏಕೆ?

ಶಿವಮೊಗ್ಗದ ಅಮ್ಮ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮಗಳು ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್ ವಿಶ್ವವಿದ್ಯಾಲಯದಲ್ಲಿ ಎಂ.ಎಸ್. ಓದುತ್ತಿದ್ದಾಳೆ. ಅವಳ ಜೊತೆ ಕೆಲವು ತಿಂಗಳು ಇರಲೆಂದು ಬಂದಿದ್ದೇನೆ. ಅವಳು ತರಗತಿಗೆ ಹೋದ ಮೇಲೆ ನನಗೆ ಕ್ಯಾಂಪಸ್ ಸುತ್ತುವುದೇ ಕೆಲಸ.

ಇಲ್ಲಿ 44 ಎಂಬ ಸಂಖ್ಯೆಗೆ ಏನೋ ಮಡಿ ಇದೆ. ಪ್ರತಿಮೆಗಳ ಎದೆಯ ಮೇಲೆ 44. ವಿಶ್ವವಿದ್ಯಾಲಯದ ಅಂಚೆ ಸಂಖ್ಯೆ ಕೂಡ 13244. ಅದು ತಾನಾಗಿ ಬಂದದ್ದಲ್ಲ, ಈ ಸಂಖ್ಯೆಯ ಗೌರವಕ್ಕೆಂದೇ ಪಡೆದುಕೊಂಡದ್ದು ಎಂದು ಮಗಳು ಹೇಳಿದಳು. ಆ ಪ್ರತಿಮೆಗಳಲ್ಲಿ ಒಂದು ಅಮೆರಿಕನ್ ಫುಟ್‌ಬಾಲ್ ಆಡುತ್ತಿದ್ದ ಎರ್ನಿ ಡೇವಿಸ್ ಎಂಬ ಹುಡುಗನದು. ಕಾಲೇಜು ಮುಗಿದ ಮೇಲೆ ವೃತ್ತಿಪರ ತಂಡದಲ್ಲಿ ಒಂದೇ ಒಂದು ಪಂದ್ಯವನ್ನೂ ಆಡಲಿಲ್ಲವಂತೆ, 23ನೇ ವಯಸ್ಸಿಗೆ ತೀರಿಕೊಂಡನಂತೆ.

ನೇರವಾಗಿ ಕೇಳುತ್ತೇನೆ, ತಪ್ಪು ತಿಳಿಯಬೇಡಿ. ಇದು ಅನುಕಂಪದ ಗೌರವವೇ? ನಮ್ಮ ಕಡೆ ಕಾಲೇಜು ತಂಡದಲ್ಲಿ ಎಷ್ಟು ಚೆನ್ನಾಗಿ ಆಡಿದರೂ ಎರಡು ವರ್ಷ ಕಳೆದರೆ ದೈಹಿಕ ಶಿಕ್ಷಣದ ಮೇಷ್ಟ್ರಿಗೂ ಹೆಸರು ನೆನಪಿರುವುದಿಲ್ಲ. ಈ ಆಟವೂ ನನಗೆ ಅರ್ಥವಾಗುವುದಿಲ್ಲ. ಐದು ಕ್ಷಣ ಓಡುತ್ತಾರೆ, ಅರ್ಧ ನಿಮಿಷ ನಿಲ್ಲುತ್ತಾರೆ. ತಿಳಿದವರು ಹೇಳಿ.

ಎಲ್ಮೈರಾ ವಾಸಿ:

ಅಮ್ಮನವರೇ, ನಾನು ಸಾಗರದ ಕಡೆಯವನು. ಎಲ್ಮೈರಾದಲ್ಲಿ ಮನೆ ಮಾಡಿಕೊಂಡು ಬಹಳ ಕಾಲವಾಯಿತು, ಈಗ ನಿವೃತ್ತ. ಡೇವಿಸ್ ಬೆಳೆದದ್ದು ಈ ಊರಿನಲ್ಲಿ. ಕ್ಷೌರದಂಗಡಿಯಲ್ಲಿ, ಚರ್ಚಿನ ಊಟದ ಸಾಲಿನಲ್ಲಿ ಅವನ ವಿಷಯ ಕೇಳಿ ಕೇಳಿ ಈಗ ನನಗೂ ಅವನು ನಮ್ಮೂರ ಹುಡುಗನೇ. ಹಾಗಾಗಿ ಅನುಕಂಪ ಎಂಬ ಮಾತು ಬಂದೊಡನೆ ನನ್ನ ದನಿ ಸ್ವಲ್ಪ ಏರುತ್ತದೆ, ಸಹಿಸಿಕೊಳ್ಳಿ.

ತಪ್ಪು ನಿಮ್ಮದಲ್ಲ. ಅವನ ಕಥೆ ಹೇಳುವವರೆಲ್ಲ ಆಸ್ಪತ್ರೆಯಿಂದ ಶುರು ಮಾಡುತ್ತಾರೆ. ಅವನು ಸತ್ತದ್ದಕ್ಕೆ ದೊಡ್ಡವನಾದ ಎಂಬಂತೆ ಕೇಳಿಸುತ್ತದೆ. ನಾನು ಮೈದಾನದಿಂದ ಹೇಳುತ್ತೇನೆ.

ಮೊದಲು ಆಟ. ಎರಡೂ ಕಡೆ ಹನ್ನೊಂದು ಜನ. ಚೆಂಡು ಹಿಡಿದ ತಂಡ ನಾಲ್ಕು ಯತ್ನಗಳಲ್ಲಿ ಹತ್ತು ಗಜ ಮುಂದೆ ಹೋಗಬೇಕು. ಹೋದರೆ ಇನ್ನು ನಾಲ್ಕು ಯತ್ನ, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ನೀವು ಕಂಡ ನಿಲುಗಡೆಗಳೆಲ್ಲ ಒಂದು ಯತ್ನಕ್ಕೂ ಮುಂದಿನದಕ್ಕೂ ನಡುವಿನವು. ಡೇವಿಸ್ ಹಾಫ್‌ಬ್ಯಾಕ್, ಎಂದರೆ ಚೆಂಡನ್ನು ಕಂಕುಳಲ್ಲಿ ಒತ್ತಿಕೊಂಡು ಆ ಗುಂಪಿನೊಳಕ್ಕೆ ನುಗ್ಗುವವನು. ಕಬಡ್ಡಿಯಲ್ಲಿ ದಾಳಿಗೆ ಹೋದವನು ಏಳು ಜನರ ಕೈ ತಪ್ಪಿಸಿ ಗೆರೆ ಮುಟ್ಟುತ್ತಾನಲ್ಲ, ಹಾಗೆಯೇ. ಇಲ್ಲಿ ಮುಟ್ಟಬೇಕಾದ ಗೆರೆ ಮಾತ್ರ ಎದುರಾಳಿಗಳ ಬೆನ್ನ ಹಿಂದೆ ಇರುತ್ತದೆ. ಒಂದು ಓಟಕ್ಕೆ ಸರಾಸರಿ ನಾಲ್ಕು ಗಜ ಸಿಕ್ಕಿದರೆ ಕೋಚ್‌ಗಳು ತೃಪ್ತರು. ಡೇವಿಸ್‌ನ ಇಡೀ ಕಾಲೇಜು ಜೀವನದ ಸರಾಸರಿ 6.6 ಗಜ. ಓಡಿ ಗಳಿಸಿದ್ದು ಒಟ್ಟು 2,386 ಗಜ, ಟಚ್‌ಡೌನ್, ಎಂದರೆ ಆ ಗೆರೆ ದಾಟಿಸಿ ಅಂಕ ಗಳಿಸಿದ್ದು, 35. ಅದೂ ಮೂರೇ ಋತುಗಳಲ್ಲಿ, ಎಂದರೆ ಮೂರೇ ವರ್ಷದ ಆಟದಲ್ಲಿ. ಆಗ ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಕಾಲೇಜಿನ ಮುಖ್ಯ ತಂಡದಲ್ಲಿ ಜಾಗವಿರಲಿಲ್ಲ, ಆ ನಿಯಮ ಹೋದದ್ದು 1972ರಲ್ಲಿ. ಆಟಗಾರರನ್ನು ಬೇಕಾದಾಗ ಬದಲಾಯಿಸುವ ಸ್ವಾತಂತ್ರ್ಯವೂ ಇರಲಿಲ್ಲ; ದಾಳಿಯಲ್ಲಿ ಓಡಿದವನೇ ರಕ್ಷಣೆಯಲ್ಲೂ ನಿಲ್ಲಬೇಕಿತ್ತು. ಇವತ್ತಿನ ಹುಡುಗರು ಆ ಕೆಲಸದ ಅರ್ಧವನ್ನು ಮಾಡುತ್ತಾರೆ, ಉಳಿದರ್ಧ ಹೊತ್ತು ಬೆಂಚಿನ ಮೇಲೆ ನೀರು ಕುಡಿಯುತ್ತಾರೆ.

ಇನ್ನು ಹುಡುಗ. ಹುಟ್ಟಿದ್ದು 1939ರ ಡಿಸೆಂಬರ್ 14, ಪೆನ್ಸಿಲ್ವೇನಿಯಾದ ನ್ಯೂ ಸೇಲಂ. ತಂದೆಯ ಮುಖ ಕಾಣಲಿಲ್ಲ. ಮಗು ಹುಟ್ಟುವ ಮೊದಲೇ ಅವರು ಅಪಘಾತದಲ್ಲಿ ತೀರಿಕೊಂಡಿದ್ದರು. ಯೂನಿಯನ್‌ಟೌನ್‌ನಲ್ಲಿ ಅಜ್ಜ ಅಜ್ಜಿಯ ಮಡಿಲಲ್ಲಿ ಬೆಳೆದ. ಅಜ್ಜ ಕಲ್ಲಿದ್ದಲು ಗಣಿಯ ಕಾರ್ಮಿಕ. ಹುಡುಗನಿಗೆ ಮಾತು ತೊದಲುತ್ತಿತ್ತು. ಹನ್ನೆರಡನೇ ವಯಸ್ಸಿಗೆ ತಾಯಿಯ ಬಳಿ ಎಲ್ಮೈರಾಕ್ಕೆ ಬಂದ. ಎಲ್ಮೈರಾ ಫ್ರೀ ಅಕಾಡೆಮಿಯಲ್ಲಿ ಓದುವಾಗ ಫುಟ್‌ಬಾಲ್ ಮಾತ್ರವಲ್ಲ, ಬ್ಯಾಸ್ಕೆಟ್‌ಬಾಲ್ ಕೂಡ ಆಡುತ್ತಿದ್ದ. ಆ ಶಾಲೆಯ ಬ್ಯಾಸ್ಕೆಟ್‌ಬಾಲ್ ತಂಡ ಸತತ 52 ಪಂದ್ಯ ಗೆದ್ದಿತ್ತು. ಬ್ಯಾಸ್ಕೆಟ್‌ಬಾಲ್‌ನಲ್ಲೇ ಅವನು ಇನ್ನೂ ಚೆನ್ನಾಗಿದ್ದ ಎಂದು ಪಟ್ಟು ಹಿಡಿಯುವ ಮುದುಕರು ಇಲ್ಲಿದ್ದಾರೆ. ಅವರೊಡನೆ ವಾದಕ್ಕೆ ಇಳಿಯಬೇಡಿ, ಮಧ್ಯಾಹ್ನ ಹಾಳಾಗುತ್ತದೆ.

ಅವನು ಸಿರಾಕ್ಯೂಸ್‌ಗೆ ಬಂದದ್ದು ಜಿಮ್ ಬ್ರೌನ್ ಹೇಳಿದ್ದರಿಂದ. ಬ್ರೌನ್ ಅಲ್ಲಿ 44 ತೊಟ್ಟು ಆಡಿ, ಆಗಲೇ ಕ್ಲೀವ್‌ಲ್ಯಾಂಡ್‌ನ ವೃತ್ತಿಪರ ತಂಡದಲ್ಲಿ ದೊಡ್ಡ ಹೆಸರು ಮಾಡಿದ್ದ. ಅದೇ ಅಂಗಿ ಡೇವಿಸ್‌ಗೆ ಸಿಕ್ಕಿತು. ಮೂರು ವರ್ಷದಲ್ಲಿ ಬ್ರೌನ್‌ನ ಓಟದ ದಾಖಲೆಗಳನ್ನು ಹಿಂದಿಕ್ಕಿದ. ಹೆಚ್ಚು ಮಾತಿನವನಲ್ಲ, ಯಾರ ಮೇಲೂ ಎಗರಾಡಿದವನಲ್ಲ.

1959, ಅವನ ಮೊದಲ ಋತು. ಬೆನ್ ಶ್ವಾರ್ಟ್ಸ್‌ವಾಲ್ಡರ್ ಕೋಚ್. ಸಿರಾಕ್ಯೂಸ್ ಒಂದೂ ಪಂದ್ಯ ಸೋಲದೆ ರಾಷ್ಟ್ರೀಯ ಚಾಂಪಿಯನ್ ಆಯಿತು. ಫುಟ್‌ಬಾಲ್‌ನಲ್ಲಿ ಇವತ್ತಿಗೂ ಆ ವಿಶ್ವವಿದ್ಯಾಲಯಕ್ಕಿರುವ ರಾಷ್ಟ್ರೀಯ ಪಟ್ಟ ಅದೊಂದೇ. ಕೊನೆಯ ಪಂದ್ಯ 1960ರ ಜನವರಿ 1ರಂದು ಡಲ್ಲಾಸ್‌ನಲ್ಲಿ, ಕಾಟನ್ ಬೌಲ್, ಎದುರಿಗೆ ಟೆಕ್ಸಾಸ್ ವಿಶ್ವವಿದ್ಯಾಲಯ. ಅವರದು ಪೂರ್ತಿ ಬಿಳಿಯರ ತಂಡ, ಸಿರಾಕ್ಯೂಸ್‌ನಲ್ಲಿ ಕಪ್ಪು ಹುಡುಗರು ಮೂವರು. ಪಂದ್ಯಕ್ಕೆ ಮೊದಲು ಅಭ್ಯಾಸದಲ್ಲಿ ಡೇವಿಸ್‌ನ ತೊಡೆಯ ಹಿಂಭಾಗದ ಸ್ನಾಯು ಎಳೆದುಕೊಂಡಿತ್ತು, ಆಡುತ್ತಾನೋ ಇಲ್ಲವೋ ಎಂಬ ಅನುಮಾನ. ಆಡಿದ. ಪಂದ್ಯ ಶುರುವಾಗಿ ಎರಡು ನಿಮಿಷ ಆಗುವಷ್ಟರಲ್ಲಿ ಜೊತೆ ಆಟಗಾರ ಗೆರ್ ಶ್ವೇಡೆಸ್ ಎಸೆದ ಚೆಂಡನ್ನು ಹಿಡಿದು ಟಚ್‌ಡೌನ್ ಮುಟ್ಟಿಸಿದ, 87 ಗಜದ ಪಾಸ್. ನೋಯುತ್ತಿದ್ದ ಕಾಲಿನಲ್ಲಿ! ಆಮೇಲೆ ಇನ್ನೊಂದು ಟಚ್‌ಡೌನ್. ರಕ್ಷಣೆಗೆ ನಿಂತಾಗ ಟೆಕ್ಸಾಸ್‌ನ ಪಾಸೊಂದನ್ನು ನಡುವೆಯೇ ಕಸಿದ. 23–14ರಿಂದ ಗೆಲುವು, ಪಂದ್ಯದ ಶ್ರೇಷ್ಠ ಆಟಗಾರ ಅವನೇ.

ರಾತ್ರಿ ಪ್ರಶಸ್ತಿ ಔತಣ. ಕಪ್ಪು ಹುಡುಗರು ಬಹುಮಾನ ಪಡೆದು ಹೊರಟುಬಿಡಬೇಕು ಎಂದು ಸಂಘಟಕರು ತಿಳಿಸಿದರು. ಪಂದ್ಯ ಗೆದ್ದುಕೊಟ್ಟವನಿಗೆ ಆ ಸಭಾಂಗಣದಲ್ಲಿ ಕೊನೆಯವರೆಗೂ ಕೂರುವ ಹಕ್ಕಿಲ್ಲ. ಇದನ್ನು ಓದುವಾಗ ನಮಗೆ ವಿವರಣೆ ಬೇಕಿಲ್ಲ. ಯಾರು ಯಾವ ಪಂಕ್ತಿಯಲ್ಲಿ ಕೂರಬೇಕು, ಯಾರು ಹೊರಗೆ ನಿಲ್ಲಬೇಕು ಎಂದು ಜಾತಿ ನೋಡಿ ಎಲೆ ಹಾಕಿದ ನಾಡಿನವರು ನಾವು.

ಮುಂದೆ 1961ರಲ್ಲಿ ಹೈಸ್ಮನ್ ಟ್ರೋಫಿ. ವರ್ಷದ ಶ್ರೇಷ್ಠ ಕಾಲೇಜು ಆಟಗಾರನಿಗೆ 1935ರಿಂದ ಕೊಡುತ್ತಿದ್ದ ಈ ಪ್ರಶಸ್ತಿ ಅಲ್ಲಿಯವರೆಗೆ ಒಬ್ಬ ಕಪ್ಪು ಆಟಗಾರನಿಗೂ ಸಿಕ್ಕಿರಲಿಲ್ಲ. 1956ರಲ್ಲಿ ಜಿಮ್ ಬ್ರೌನ್‌ಗೆ ಐದನೇ ಸ್ಥಾನ ಕೊಟ್ಟಿದ್ದರು. ಆ ವರ್ಷ ಗೆದ್ದ ಪಾಲ್ ಹಾರ್ನಂಗ್‌ನ ತಂಡ ನೋಟರ್ ಡೇಮ್, ಹತ್ತು ಪಂದ್ಯಗಳಲ್ಲಿ ಗೆದ್ದದ್ದು ಎರಡನ್ನು! ಹಾರ್ನಂಗ್ ಒಳ್ಳೆಯ ಆಟಗಾರನೇ, ಅದು ಬೇರೆ ಮಾತು. ಮತ ಹಾಕಿದವರ ಕಣ್ಣಿನ ಬಗ್ಗೆ ನನಗೆ ಅನುಮಾನ. ಡೇವಿಸ್ ಆ ಬೀಗ ಒಡೆದ. ಪ್ರಶಸ್ತಿ ಪಡೆಯಲು ನ್ಯೂಯಾರ್ಕ್ ನಗರಕ್ಕೆ ಹೋದಾಗ ಅಲ್ಲಿಗೆ ಬಂದಿದ್ದ ಅಧ್ಯಕ್ಷ ಕೆನಡಿ ಅವನನ್ನು ಭೇಟಿಯಾಗಿ ಕೈಕುಲುಕಿದರು. ಅದೇ ಡಿಸೆಂಬರ್‌ನಲ್ಲಿ ಫಿಲಡೆಲ್ಫಿಯಾದ ಲಿಬರ್ಟಿ ಬೌಲ್‌ನಲ್ಲಿ ಮಯಾಮಿ ವಿರುದ್ಧ ಕಾಲೇಜಿನ ಕೊನೆಯ ಪಂದ್ಯ ಆಡಿ 140 ಗಜ ಓಡಿದ. ಸಿರಾಕ್ಯೂಸ್ ಗೆದ್ದದ್ದು 15–14ರಿಂದ, ಒಂದೇ ಒಂದು ಅಂಕ.

ಇಷ್ಟರಲ್ಲಿ ಎಲ್ಲಿಯಾದರೂ ಕಾಯಿಲೆ ಬಂತೇ? ಇಲ್ಲ. ಅವನು ನೂರು ವರ್ಷ ಬದುಕಿದ್ದರೂ ಆ ಪ್ರತಿಮೆ ಅಲ್ಲಿಯೇ ನಿಲ್ಲುತ್ತಿತ್ತು.

ಮಿಷಿಗನ್ ಮಂಜ:

ಸರ್, ಚೆನ್ನಾಗಿ ಬರೆದಿದ್ದೀರಿ. ಆದರೆ 2008ರಲ್ಲಿ ಅವನ ಮೇಲೆ ಬಂದ ಸಿನಿಮಾದಲ್ಲಿ ವೆಸ್ಟ್ ವರ್ಜೀನಿಯಾದ ಊರಿನಲ್ಲಿ ಪ್ರೇಕ್ಷಕರು ಅವನ ಮೇಲೆ ಬಾಟಲಿ ಎಸೆಯುವ, ಬೈಯುವ ದೊಡ್ಡ ದೃಶ್ಯವಿದೆ. ಅದನ್ನು ನೀವು ಬಿಟ್ಟಿರಿ. ನನಗೆ ಇಡೀ ಚಿತ್ರದಲ್ಲಿ ಮನಸ್ಸಿಗೆ ನಾಟಿದ್ದು ಅದೇ. ಡ್ರಾಫ್ಟ್ ವಿಷಯವನ್ನೂ ಹೇಳಿ.

ಎಲ್ಮೈರಾ ವಾಸಿ:

ಬಿಟ್ಟದ್ದು ಬೇಕೆಂದೇ. 1959ರಲ್ಲಿ ವೆಸ್ಟ್ ವರ್ಜೀನಿಯಾ ಜೊತೆಗಿನ ಪಂದ್ಯ ಅವರ ಊರಿನಲ್ಲಿ ನಡೆಯಲೇ ಇಲ್ಲ. ಸಿರಾಕ್ಯೂಸ್‌ನ ಹಳೆಯ ಆರ್ಚ್‌ಬೋಲ್ಡ್ ಕ್ರೀಡಾಂಗಣದಲ್ಲಿ ನಡೆಯಿತು, ಸಿರಾಕ್ಯೂಸ್ 44–0ರಿಂದ ಗೆದ್ದಿತು. ಆ ಊರಿನ ಜನ ಮಾಡದ ಕೆಲಸವನ್ನು ಅವರ ತಲೆಗೆ ಕಟ್ಟಿದ್ದು ನನಗೆ ಹಿಡಿಸಲಿಲ್ಲ. ಡಲ್ಲಾಸ್‌ನಲ್ಲಿ ನಿಜವಾಗಿ ನಡೆದದ್ದೇ ಸಾಕಷ್ಟು ಕೆಟ್ಟದಾಗಿರುವಾಗ ಕಟ್ಟುಕಥೆ ಯಾಕೆ ಬೇಕಿತ್ತು?

ಡ್ರಾಫ್ಟ್ ಎಂದರೆ ವೃತ್ತಿಪರ ತಂಡಗಳು ಸರದಿಯ ಪ್ರಕಾರ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ವ್ಯವಸ್ಥೆ. ಹಿಂದಿನ ವರ್ಷ ಅತಿ ಕಳಪೆಯಾಗಿ ಆಡಿದ ತಂಡಕ್ಕೆ ಮೊದಲ ಸರದಿ. 1962ರ ಡ್ರಾಫ್ಟ್‌ನಲ್ಲಿ ಆ ಸರದಿ ವಾಷಿಂಗ್‌ಟನ್‌ಗೆ ಬಂತು. ಅದರ ಮಾಲೀಕ ಜಾರ್ಜ್ ಪ್ರೆಸ್ಟನ್ ಮಾರ್ಷಲ್ ಎಲ್ಲ ತಂಡಗಳೂ ಕಪ್ಪು ಆಟಗಾರರನ್ನು ತೆಗೆದುಕೊಂಡ ಮೇಲೂ ತನ್ನ ತಂಡದೊಳಗೆ ಒಬ್ಬನನ್ನೂ ಬಿಟ್ಟಿರಲಿಲ್ಲ. ಅವನ ಮನಸ್ಸು ಕರಗಿಸಿದ್ದು ಉಪದೇಶವಲ್ಲ, ಜಮೀನು! ತಂಡದ ಹೊಸ ಕ್ರೀಡಾಂಗಣ ಇದ್ದದ್ದು ಕೇಂದ್ರ ಸರ್ಕಾರದ ಭೂಮಿಯಲ್ಲಿ. ಕೆನಡಿ ಸಂಪುಟದ ಆಂತರಿಕ ಇಲಾಖೆಯ ಕಾರ್ಯದರ್ಶಿ ಸ್ಟುವರ್ಟ್ ಉಡಾಲ್, ಭೇದ ಮಾಡುವವರಿಗೆ ಈ ಮೈದಾನ ಇಲ್ಲ ಎಂದು ಪಟ್ಟು ಹಿಡಿದರು. ಮಾರ್ಷಲ್ ಡೇವಿಸ್‌ನನ್ನು ಮೊದಲ ಆಯ್ಕೆಯಾಗಿ ಆರಿಸಿದ. ಹಾಗೆ ಡ್ರಾಫ್ಟ್‌ನಲ್ಲಿ ಮೊದಲ ಸ್ಥಾನ ಪಡೆದ ಮೊದಲ ಕಪ್ಪು ಆಟಗಾರನೂ ಡೇವಿಸ್ ಆದ. ಆದರೆ ಅವನು ವಾಷಿಂಗ್‌ಟನ್‌ಗೆ ಹೋಗಲಿಲ್ಲ. ಅವನನ್ನು ಕ್ಲೀವ್‌ಲ್ಯಾಂಡ್ ಬ್ರೌನ್ಸ್‌ಗೆ ಕೊಟ್ಟು, ಬದಲಿಗೆ ಬಾಬಿ ಮಿಚೆಲ್ ಮೊದಲಾದವರನ್ನು ತೆಗೆದುಕೊಂಡರು. ಮಿಚೆಲ್ ಕೂಡ ಕಪ್ಪು ಆಟಗಾರನೇ. ವಾಷಿಂಗ್‌ಟನ್‌ನ ಬಾಗಿಲು ಕೊನೆಗೂ ತೆರೆಯಿತು. ಕ್ಲೀವ್‌ಲ್ಯಾಂಡ್‌ನಲ್ಲಿ ಡೇವಿಸ್‌ಗೆ ಜಿಮ್ ಬ್ರೌನ್‌ನ ಜೊತೆ ಆಡುವ ಅವಕಾಶ.

ಮುಂದಿನದು ಎಲ್ಲರಿಗೂ ಗೊತ್ತಿರುವುದೇ. 1962ರ ಬೇಸಿಗೆಯಲ್ಲಿ ಚಿಕಾಗೊದಲ್ಲಿ ಕಾಲೇಜು ತಾರೆಯರ ತಂಡಕ್ಕೂ ವೃತ್ತಿಪರ ಚಾಂಪಿಯನ್ನರಿಗೂ ಪಂದ್ಯವಿತ್ತು. ಅದಕ್ಕೆ ಅಭ್ಯಾಸ ಮಾಡುತ್ತಿದ್ದಾಗ ಕುತ್ತಿಗೆ ಊದಿಕೊಂಡು ಆಸ್ಪತ್ರೆ ಸೇರಿದ. ರಕ್ತದ ಕ್ಯಾನ್ಸರ್. 1963ರ ಮೇ 18ರಂದು ಕ್ಲೀವ್‌ಲ್ಯಾಂಡ್‌ನಲ್ಲಿ ತೀರಿಕೊಂಡ.

ರಕ್ತ ಪರೀಕ್ಷೆ:

ನಾನು ಮೈಸೂರಿನಲ್ಲಿ ರಕ್ತರೋಗಗಳ ವೈದ್ಯೆ. ಫುಟ್‌ಬಾಲ್ ತಿಳಿಯದು, ಈ ಕಾಯಿಲೆ ತಿಳಿದಿದೆ. ಹಿರಿಯರು ಒಂದೇ ಸಾಲಿನಲ್ಲಿ ದಾಟಿಹೋದ ಜಾಗದಲ್ಲಿ ನಾನು ಸ್ವಲ್ಪ ನಿಲ್ಲುತ್ತೇನೆ.

ಅವನಿಗೆ ಬಂದದ್ದು ಅಕ್ಯೂಟ್ ಮೊನೊಸಿಟಿಕ್ ಲ್ಯುಕೇಮಿಯಾ. ಬಿಳಿ ರಕ್ತಕಣಗಳಲ್ಲಿ ಒಂದು ಬಗೆಯವು ಮೂಳೆಯ ಮಜ್ಜೆಯಲ್ಲಿ ಬಲಿಯುವ ಮೊದಲೇ ಲೆಕ್ಕವಿಲ್ಲದಷ್ಟು ಹುಟ್ಟಿ, ಒಳ್ಳೆಯ ಕಣಗಳಿಗೆ ಜಾಗವಿಲ್ಲದಂತೆ ಮಾಡುತ್ತವೆ. ಮೊದಲು ಕಾಣುವುದು ಸುಸ್ತು, ವಸಡಿನ ಊತ, ಬಾಯಿಹುಣ್ಣು, ಕುತ್ತಿಗೆಯ ಗಂಟು. ಆಟಗಾರನ ವಿಷಯದಲ್ಲಿ ಸುಸ್ತನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಅವನೂ ಹಿಡಿಯುವುದಿಲ್ಲ. ಆಗ ವೈದ್ಯರ ಕೈಯಲ್ಲಿದ್ದ ಮುಖ್ಯ ಔಷಧಗಳಲ್ಲಿ ಒಂದು 1953ರಲ್ಲಿ ಬಳಕೆಗೆ ಬಂದ 6-ಮರ್ಕ್ಯಾಪ್ಟೊಪ್ಯೂರಿನ್. ಅದರಿಂದ ಡೇವಿಸ್‌ನ ಕಾಯಿಲೆ ಕೆಲವು ತಿಂಗಳು ಹಿಂದೆ ಸರಿಯಿತು. ವಯಸ್ಕರಲ್ಲಿ ಆಗ ಅಷ್ಟು ಸಿಕ್ಕಿದ್ದೇ ದೊಡ್ಡದು. ನಾವು ಇವತ್ತೂ ಮೊದಲು ಕೈ ಹಾಕುವ ಸೈಟರಬೀನ್ ಎಂಬ ಔಷಧಕ್ಕೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1969ರಲ್ಲಿ. ಅದನ್ನು ಏಳು ದಿನ, ಜೊತೆಗೆ ಇನ್ನೊಂದು ಔಷಧವನ್ನು ಮೂರು ದಿನ ಕೊಡುವ ಕ್ರಮ ಬಂದದ್ದು 1970ರ ದಶಕದಲ್ಲಿ.

ನನ್ನನ್ನು ಕಾಡಿದ್ದು ಬೇರೆ. ಕಾಯಿಲೆಯ ಹೆಸರನ್ನು ಅವನಿಗೆ ಮೊದಲು ಹೇಳಲಿಲ್ಲ. ರಕ್ತದ ತೊಂದರೆ ಎಂದಷ್ಟೇ ತಿಳಿಸಿದ್ದರು. ಸರಿಯಾಗಿ ಹೇಳಿದ್ದು ಅಕ್ಟೋಬರ್‌ನಲ್ಲಿ. ಇದು ಅಮೆರಿಕದ ಹಳೆಯ ಕಥೆ ಎಂದು ನಾನು ಓದಲಾರೆ. ನನ್ನ ಕೊಠಡಿಯ ಬಾಗಿಲಲ್ಲಿ ಮಗ ತಡೆದು ನಿಲ್ಲುತ್ತಾನೆ, "ಡಾಕ್ಟರೇ, ಅಪ್ಪನಿಗೆ ಹೆಸರು ಹೇಳಬೇಡಿ, ರಕ್ತ ಕಡಿಮೆ ಅನ್ನಿ." ಒಳಗೆ ಅಪ್ಪ ನನ್ನ ಮುಖವನ್ನೇ ಓದುತ್ತಿರುತ್ತಾರೆ. ಡೇವಿಸ್ ವಿಷಯ ತಿಳಿದ ಮೇಲೆ ಒಂದು ವಾರಪತ್ರಿಕೆಗೆ ಲೇಖನ ಬರೆದ, ತಾನು ನತದೃಷ್ಟನಲ್ಲ ಎಂದು. ತಿಳಿಸದೆ ಇದ್ದಿದ್ದರೆ ಆ ಮಾತು ಹೇಳುವ ಅವಕಾಶವೇ ಅವನಿಗೆ ಇರುತ್ತಿರಲಿಲ್ಲ.

ಇನ್ನೊಂದು. ಕಾಯಿಲೆ ಹಿಂದೆ ಸರಿದಿದ್ದಾಗ ಆಡಿಸಬಹುದು ಎಂದು ಕ್ಲೀವ್‌ಲ್ಯಾಂಡ್ ತಂಡದ ಮಾಲೀಕ ಆರ್ಟ್ ಮೋಡೆಲ್ ಬಯಸಿದರಂತೆ, ಕೋಚ್ ಪಾಲ್ ಬ್ರೌನ್ ಒಪ್ಪಲಿಲ್ಲವಂತೆ. ಕೋಚ್ ಕಟುಕ ಎಂದು ಬರೆದವರಿದ್ದಾರೆ. ನಾನು ಕೋಚ್ ಪರ. ಪ್ಲೇಟ್‌ಲೆಟ್ ಯಾವಾಗ ಕುಸಿಯುತ್ತದೋ ಹೇಳಲಾಗದ ಮನುಷ್ಯನನ್ನು ನೂರು ಕಿಲೋ ತೂಕದವರು ಬಂದು ಗುದ್ದುವ ಆಟಕ್ಕೆ ಕಳಿಸುವುದೇ? ತಲೆಯೊಳಗೆ ರಕ್ತಸ್ರಾವವಾಗಲು ಒಂದು ಪೆಟ್ಟು ಸಾಕು.

ಎಲ್ಮೈರಾ ವಾಸಿ:

ಡಾಕ್ಟರಮ್ಮ, ನೀವು ಹೇಳಿದ್ದು ಸರಿಯಿರಬಹುದು, ಆದರೂ ನಾನು ಪೂರ್ತಿ ಒಪ್ಪುವುದಿಲ್ಲ. ಒಂದೇ ಒಂದು ಯತ್ನಕ್ಕಾದರೂ ಇಳಿಸಬಹುದಿತ್ತು, ಚೆಂಡು ಕೊಡದಿದ್ದರೂ ಆಗುತ್ತಿತ್ತು. 1962ರ ಆಗಸ್ಟ್‌ನಲ್ಲಿ ಕ್ಲೀವ್‌ಲ್ಯಾಂಡ್‌ನ ಒಂದು ಪ್ರದರ್ಶನ ಪಂದ್ಯದ ರಾತ್ರಿ ದೀಪದ ಬೆಳಕು ಹಾಯಿಸಿ ಅವನನ್ನು ಮೈದಾನಕ್ಕೆ ಕರೆದರು. ಓಡಿ ಬಂದ, ಜನ ಎದ್ದು ನಿಂತರು. ವೃತ್ತಿಪರ ಆಟಗಾರನಾಗಿ ಅವನು ಹುಲ್ಲಿನ ಮೇಲೆ ಓಡಿದ್ದು ಅಷ್ಟೇ. ಅವನು ತೊಡಬೇಕಿದ್ದ 45ನೇ ಸಂಖ್ಯೆಯನ್ನು ಬ್ರೌನ್ಸ್ ತಂಡ ಆಮೇಲೆ ಯಾರಿಗೂ ಕೊಟ್ಟಿಲ್ಲ. ಪಾಲ್ ಬ್ರೌನ್‌ರನ್ನು 1963ರ ಜನವರಿಯಲ್ಲಿ ಮೋಡೆಲ್ ಕೆಲಸದಿಂದ ತೆಗೆದರು. ಕಾರಣ ಇದೊಂದೇ ಅಲ್ಲ, ಅವರಿಬ್ಬರಿಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ.

44ರ ಉಳಿದ ಕಥೆಯನ್ನು ಹೇಳಿ ಮುಗಿಸುತ್ತೇನೆ, ನನಗೆ ಇದರಲ್ಲೇ ಹೆಚ್ಚು ಪ್ರೀತಿ. 1962ರ ಕೊನೆಯಲ್ಲಿ, ಕಾಯಿಲೆಯ ನಡುವೆಯೇ, ಡೇವಿಸ್ ನ್ಯೂ ಹೇವನ್‌ಗೆ ಹೋದ. ಅಲ್ಲಿ ಫ್ಲಾಯ್ಡ್ ಲಿಟಲ್ ಎಂಬ ಹುಡುಗನಿದ್ದ, ಬೇರೆ ಬೇರೆ ಕಾಲೇಜುಗಳು ಕರೆಯುತ್ತಿದ್ದವು. ಸಿರಾಕ್ಯೂಸ್‌ಗೆ ಬಾ ಎಂದು ಡೇವಿಸ್ ಕೇಳಿದ, ಬರುತ್ತೇನೆ ಎಂದು ಹುಡುಗ ಮಾತು ಕೊಟ್ಟ. ನಿಜವಾಗಿ ಇನ್ನೂ ತೀರ್ಮಾನಿಸಿರಲಿಲ್ಲ ಎಂದು ಲಿಟಲ್ ಆಮೇಲೆ ಹೇಳಿಕೊಂಡಿದ್ದಾನೆ. ಡೇವಿಸ್ ತೀರಿಹೋದ ಸುದ್ದಿ ಬಂತು. ಲಿಟಲ್ ಸಿರಾಕ್ಯೂಸ್‌ನ ಕೋಚ್‌ಗೆ ಫೋನ್ ಮಾಡಿ ಬರುತ್ತೇನೆ ಎಂದ. 44 ತೊಟ್ಟ, ಮೂರು ಬಾರಿ ರಾಷ್ಟ್ರೀಯ ಶ್ರೇಷ್ಠರ ಪಟ್ಟಿಗೆ ಸೇರಿದ. ನೀವು ಕಂಡ ಪ್ರತಿಮೆಗಳಲ್ಲಿ ಬ್ರೌನ್, ಡೇವಿಸ್ ಜೊತೆ ಮೂರನೆಯವನು ಅವನೇ. ಆಮೇಲೂ ಆ ಸಂಖ್ಯೆಯನ್ನು ಕೆಲವರಿಗೆ ಕೊಟ್ಟರು. 2005ರಲ್ಲಿ ಇನ್ನು ಯಾರಿಗೂ ಬೇಡ ಎಂದು ನಿಲ್ಲಿಸಿದರು.

ಶಿವಮೊಗ್ಗದ ಅಮ್ಮ:

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ವಂದನೆ. ಅನುಕಂಪ ಎಂಬ ಮಾತನ್ನು ವಾಪಸ್ ಪಡೆದೆ. ಒಂದು ಸಂಶಯ ಉಳಿಯಿತು. ಇಷ್ಟು ಜನ ಟಿಕೆಟ್ ಕೊಂಡು ನೋಡುತ್ತಿದ್ದರಲ್ಲ, ಆ ಹುಡುಗನಿಗೆ ಹಣ ಕೊಡುತ್ತಿದ್ದರೇ? ಎಲ್ಮೈರಾಕ್ಕೆ ಒಂದು ದಿನ ಬರುವ ಆಸೆಯೂ ಇದೆ.

ಎಲ್ಮೈರಾ ವಾಸಿ:

ಬೋಧನಾ ಶುಲ್ಕ, ವಸತಿ, ಊಟ. ಅಷ್ಟೇ. ಹಣ ಕೈಗೆ ಬರಬೇಕಿದ್ದದ್ದು ವೃತ್ತಿಪರನಾದ ಮೇಲೆ. ಕಾಲೇಜು ಆಟಗಾರರು ತಮ್ಮ ಹೆಸರು, ಚಿತ್ರದಿಂದ ಸಂಪಾದಿಸಲು ಅನುಮತಿ ಸಿಕ್ಕಿದ್ದು 2021ರ ಜುಲೈನಲ್ಲಿ. 2025ರ ಜುಲೈನಿಂದ ವಿಶ್ವವಿದ್ಯಾಲಯಗಳೇ ನೇರವಾಗಿ ಹಣ ಕೊಡಬಹುದು, ಮೊದಲ ವರ್ಷಕ್ಕೆ ಒಂದು ವಿಶ್ವವಿದ್ಯಾಲಯದ ಮಿತಿ ಸುಮಾರು 2.05 ಕೋಟಿ ಡಾಲರ್. ಈಗ ಹುಡುಗರು ವರ್ಷಕ್ಕೊಂದು ಕಾಲೇಜು ಬದಲಿಸುತ್ತಾರೆ ಎಂದು ಇಲ್ಲಿನ ಮುದುಕರು ಗೊಣಗುತ್ತಾರೆ. ನಾನು ಗೊಣಗುವುದಿಲ್ಲ. ಕ್ರೀಡಾಂಗಣ ತುಂಬಿಸಿದವನ ಜೇಬು ಖಾಲಿ ಇರಬೇಕು ಎಂಬುದರಲ್ಲಿ ಏನು ಪಾವಿತ್ರ್ಯವಿದೆಯೋ ನನಗೆ ತಿಳಿಯದು.

ಬರುವುದಾದರೆ ಕಾರಿನಲ್ಲಿ ಬನ್ನಿ. ಸಿರಾಕ್ಯೂಸ್‌ನಿಂದ 81ನೇ ಹೆದ್ದಾರಿ ಹಿಡಿದು ದಕ್ಷಿಣಕ್ಕೆ, ಕಾರ್ಟ್‌ಲ್ಯಾಂಡ್ ಬಳಿ 13ನೇ ರಸ್ತೆಗೆ ತಿರುಗಿ. ಇಥಾಕಾ ದಾಟಿದರೆ ಆ ರಸ್ತೆಯೇ ನಮ್ಮ ಊರಿಗೆ ತರುತ್ತದೆ. ಅವನು ಓದಿದ ಹಳೆಯ ಶಾಲೆಗೆ ಈಗ ಅವನದೇ ಹೆಸರು, ಮುಂದೆ ಪ್ರತಿಮೆ ಇದೆ. ಸಮಾಧಿ ಇರುವುದು ವುಡ್‌ಲಾನ್ ಸ್ಮಶಾನದಲ್ಲಿ. ಮಾರ್ಕ್ ಟ್ವೇನ್ ಸಮಾಧಿಯೂ ಅಲ್ಲಿಯೇ, ಪ್ರವಾಸಿಗರು ಬರುವುದು ಹೆಚ್ಚಾಗಿ ಅದಕ್ಕೆ. ಚಳಿಗಾಲದಲ್ಲಿ ಹೊರಡಬೇಡಿ, ಇಥಾಕಾದ ಇಳಿಜಾರಿನಲ್ಲಿ ಹಿಮ ಬಿದ್ದರೆ ಕಾರು ಮಾತು ಕೇಳುವುದಿಲ್ಲ. ಬರುವ ಎರಡು ದಿನ ಮೊದಲು ಇಲ್ಲಿ ತಿಳಿಸಿ, ಊಟ ನಮ್ಮ ಮನೆಯಲ್ಲಿ.